ವಾಟ್ಸ್‌ಆ್ಯಪ್, ಮೀಟ್, ಕಾನ್ಫರೆನ್ಸ್ ಕಾಲ್: ನಾಲ್ಕು ಸಭೆಯವರು ಒಟ್ಟಿಗೆ ಪ್ರಾರ್ಥನೆ ಮಾಡಿ ನೋಡಿದ್ದು

ಮೈಸೂರಿನ ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಸಂತ ಫಿಲೋಮಿನಾ ಚರ್ಚಿನ ಗಂಟೆ ಕೇಳಿಸುತ್ತದೆ. ನಾವು ಕಥೋಲಿಕರು. ಹೆಂಡತಿಯ ತವರು ಮಂಡ್ಯ, ಅವರು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರಾಟೆಸ್ಟೆಂಟರು. ಅವಳ ತಮ್ಮ, ಅಂದರೆ ನನ್ನ ಬಾಮೈದ, ಪೆಂಟೆಕೋಸ್ಟ್ ಸಭೆಗೆ ಸೇರಿ ಹತ್ತು ವರ್ಷದ ಮೇಲಾಯಿತು. ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಕೇರಳದ ಗಂಡ ಹೆಂಡತಿ ಆರ್ಥೊಡಾಕ್ಸ್. ಹಬ್ಬದ ದಿನ ನಮ್ಮ ಮೆಟ್ಟಿಲು ಹತ್ತಿ ಇಳಿಯುವವರಲ್ಲೇ ನಾಲ್ಕು ಸಭೆ, ಅಂದರೆ ನಾಲ್ಕು ಕ್ರೈಸ್ತ ಪಂಗಡ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಆ ಸಲ ಈಸ್ಟರ್ ಏಪ್ರಿಲ್ 12ಕ್ಕೆ ಬಿದ್ದಿತ್ತು. ಪವಿತ್ರ ವಾರ ಪೂರ್ತಿ ಚರ್ಚಿಗೆ ಬೀಗ. ಮಂಡ್ಯದಿಂದ ಅತ್ತೆ ಫೋನ್ ಮಾಡಿ, "ಒಬ್ಬೊಬ್ರೇ ಕೂತ್ಕೊಂಡು ಏನ್ ಪ್ರಾರ್ಥನೆ ಮಾಡೋದು ಅಳಿಯಂದ್ರೆ, ಎಲ್ಲಾ ಸೇರಿ ಫೋನಲ್ಲೇ ಮಾಡಣ" ಅಂದರು. ಅಲ್ಲಿಂದ ಶುರುವಾಯಿತು. ಇಲ್ಲಿಯವರೆಗೆ ಮೂರು ದಾರಿ ಹಿಡಿದು ನೋಡಿದ್ದೇವೆ: ವಾಟ್ಸ್‌ಆ್ಯಪ್ ಗ್ರೂಪು, ಗೂಗಲ್ ಮೀಟ್, ಮತ್ತು ಮಾಮೂಲಿ ಫೋನಿನ ಕಾನ್ಫರೆನ್ಸ್ ಕಾಲ್. ಯೂಟ್ಯೂಬ್ ಲೈವ್ ಕೂಡ ಎರಡು ಭಾನುವಾರ ಹಾಕಿದ್ದೆವು, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಫಾದರ್ ಪೂಜೆ ಮಾಡುತ್ತಿರುತ್ತಾರೆ, ಪಕ್ಕದಲ್ಲಿ ಆಮೆನ್ ಆಮೆನ್ ಅಂತ ಸಾಲು ಓಡುತ್ತಿರುತ್ತದೆ, ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ.

ಬೇರೆ ಬೇರೆ ಸಭೆಯವರು ಸೇರಿ ಇಂಥದ್ದೊಂದು ಮಾಡಬೇಕು ಅಂತ ಇರುವವರಿಗೆ ನಾವು ಪಟ್ಟ ಪಾಡು ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ವಾಟ್ಸ್‌ಆ್ಯಪ್ ಗ್ರೂಪು. ಎಲ್ಲರ ಫೋನಲ್ಲೂ ಇದೆ, ಸುಲಭ ಅಲ್ವಾ. ಎಂಟು ಜನ ಇದ್ದದ್ದು ಒಂದೇ ತಿಂಗಳಲ್ಲಿ ನಲವತ್ತು ದಾಟಿತು. ಬಾಮೈದ ತನ್ನ ಸಭೆಯ ಹುಡುಗರನ್ನು ಸೇರಿಸಿದ, ನಾನು ನಮ್ಮ ಧರ್ಮಕೇಂದ್ರದವರನ್ನು, ಅಂದರೆ ನಮ್ಮ ಚರ್ಚಿಗೆ ಸೇರಿದವರನ್ನು. ಪ್ರಾರ್ಥನಾ ವಿನಂತಿ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಇವತ್ತಿಗೂ ಹಾಗೇ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಒಬ್ಬರು "ಅಪ್ಪನಿಗೆ ಆಕ್ಸಿಜನ್ ಇಳಿಯುತ್ತಿದೆ, ಪ್ರಾರ್ಥನೆ ಮಾಡಿ" ಅಂತ ಹಾಕಿದರೆ ಐದೇ ನಿಮಿಷದಲ್ಲಿ ಹತ್ತು ಜನ ಎದ್ದಿರುತ್ತಿದ್ದರು. ಒಬ್ಬರು ಜಪಸರ ಹಿಡಿದರೋ, ಇನ್ನೊಬ್ಬರು ಅನ್ಯಭಾಷೆಯಲ್ಲಿ (ಪವಿತ್ರಾತ್ಮ ನುಡಿಸುತ್ತದೆ ಎಂದು ಪೆಂಟೆಕೋಸ್ಟ್‌ನವರು ನಂಬುವ ನುಡಿಯಲ್ಲಿ) ಪ್ರಾರ್ಥಿಸಿದರೋ, ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ.

ಉಪವಾಸದ ದಿನಗಳು ಗೊತ್ತಾದದ್ದೂ ಇಲ್ಲೇ. 2021ರಲ್ಲಿ ನಮಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾದದ್ದು ಫೆಬ್ರವರಿ 17ರ ವಿಭೂತಿ ಬುಧವಾರಕ್ಕೆ. ಮಹಡಿ ಮೇಲಿನ ಚೇಚಿಗೆ (ಮಲಯಾಳದಲ್ಲಿ ಅಕ್ಕ) ಎರಡು ದಿನ ಮೊದಲು, ಸೋಮವಾರವೇ ಶುರು. ಅವರಿಗೆ ಮಾಂಸ, ಮೀನು ಮಾತ್ರ ಅಲ್ಲ, ಮೊಟ್ಟೆ, ಹಾಲು ಎಲ್ಲ ಬಂದ್. ಅವರು ಕಪ್ಪು ಚಹಾದ ಫೋಟೋ ಹಾಕಿದ ಮೇಲೇ ನನ್ನ ಹೆಂಡತಿ ದಿನಾ ಬೆಳಿಗ್ಗೆ ಕಾಫಿ ಕಳಿಸುವುದನ್ನು ನಿಲ್ಲಿಸಿದ್ದು. ಅಷ್ಟು ವರ್ಷ ಸುಮ್ನೆ ತೆಗೆದುಕೊಂಡು ಏನು ಮಾಡುತ್ತಿದ್ದರೋ ಪಾಪ.

ಹಗಲು ಹೊತ್ತು ಮಾತ್ರ ಬೇರೆ ಕಥೆ. ಒಬ್ಬರು ಬೈಬಲ್ ಕ್ವಿಜ್ ಶುರು ಮಾಡಿದರು. "ಆರನೆಯ ಆಜ್ಞೆ ಯಾವುದು?" ನಾನು ವ್ಯಭಿಚಾರ ಮಾಡಬಾರದು ಅಂತ ಹಾಕಿದೆ. ಬಾಮೈದ ಕೊಲೆ ಮಾಡಬಾರದು ಅಂದ. ನೋಡುತ್ತಾ ನೋಡುತ್ತಾ ನಲವತ್ತು ಮೆಸೇಜು. ವಿಷಯ ಏನೆಂದರೆ ಇಬ್ಬರೂ ಸರಿ. ಆಜ್ಞೆಗಳು ಅವೇ ಹತ್ತು, ಎಣಿಸುವುದು ಬೇರೆ. ಅನ್ಯ ದೇವರು ಬೇಡ ಅನ್ನುವುದನ್ನೂ ವಿಗ್ರಹ ಬೇಡ ಅನ್ನುವುದನ್ನೂ ಕಥೋಲಿಕರು ಸೇರಿಸಿ ಒಂದೇ ಆಜ್ಞೆ ಎನ್ನುತ್ತಾರೆ, ಕೊನೆಗೆ ಆಸೆಪಡಬಾರದು ಅನ್ನುವುದನ್ನು ಎರಡು ಮಾಡಿ ಹತ್ತಕ್ಕೆ ತರುತ್ತಾರೆ. ಸಿಎಸ್‌ಐ, ಪೆಂಟೆಕೋಸ್ಟ್‌ನವರು ಮೊದಲಿನದನ್ನು ಎರಡು ಮಾಡುತ್ತಾರೆ, ಕೊನೆಯದನ್ನು ಒಂದೇ ಇಡುತ್ತಾರೆ. ಇದು ನನಗೆ ತಿಳಿಯುವ ಹೊತ್ತಿಗೆ ಜಗಳ ಎರಡನೆಯ ಪ್ರಶ್ನೆಗೆ ಹೋಗಿತ್ತು: ಬೈಬಲಿನಲ್ಲಿ ಪುಸ್ತಕ ಎಷ್ಟು? ಅವರಿಗೆ 66, ನಮಗೆ 73. ಅಲ್ಲಿಗೆ ಕ್ವಿಜ್ ಮುಗಿಯಿತು.

ಇನ್ನೊಂದು, "ಸಿಸ್ಟರ್" ಅನ್ನುವ ಪದ. ನಮಗೆ ಸಿಸ್ಟರ್ ಅಂದರೆ ಮಠದ ಕನ್ಯಾಸ್ತ್ರೀ. ಬಾಮೈದನ ಸಭೆಯಲ್ಲಿ ಎಲ್ಲ ಹೆಂಗಸರೂ ಸಿಸ್ಟರ್. ಆಸ್ಪತ್ರೆಯಲ್ಲಿ ನರ್ಸು ಸಿಸ್ಟರ್. ನಮ್ಮ ಗ್ರೂಪಿನಲ್ಲಿ ಮೂರು ಥರದವರೂ ಇದ್ದರು. "ಸಿಸ್ಟರ್‌ಗೆ ಗಂಡು ಮಗು ಆಯಿತು, ಸ್ತೋತ್ರ" ಅಂತ ಒಂದು ಮೆಸೇಜು ಬಂದಾಗ ನಮ್ಮ ಕಡೆಯ ಅಜ್ಜಿಯೊಬ್ಬರು ನನಗೆ ಫೋನ್ ಮಾಡಿಬಿಟ್ಟರು.

ಗ್ರೂಪು ಒಡೆದದ್ದು ಫಾರ್ವರ್ಡ್‌ನಿಂದ. 2020ರ ಏಪ್ರಿಲ್‌ನಲ್ಲೇ, ಬಹಳ ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದು ಚಾಟಿಗೆ ಮಾತ್ರ ಕಳಿಸಬಹುದು ಅಂತ ವಾಟ್ಸ್‌ಆ್ಯಪ್ ಕಡಿವಾಣ ಹಾಕಿತ್ತು. ನಮ್ಮವರಿಗೆ ಆ ಒಂದು ಚಾಟು ನಮ್ಮ ಗ್ರೂಪೇ ಆಗಿತ್ತು. ಮಾತೆ ಮರಿಯಳ ಸ್ವರೂಪದ, ಅಂದರೆ ಪ್ರತಿಮೆಯ, ಮುಂದೆ ಮೊಣಕಾಲೂರುವವರು ನರಕಕ್ಕೆ ಹೋಗುತ್ತಾರೆ ಅನ್ನುವ ಯಾರದೋ ಪ್ರಸಂಗದ ವಿಡಿಯೋ ಬಂತು. ಅದಕ್ಕೆ ಉತ್ತರವಾಗಿ ನಮ್ಮವರೊಬ್ಬರು, ಮೊನ್ನೆ ಮೊನ್ನೆ ಶೆಡ್ಡಿನಲ್ಲಿ ಶುರುವಾದ ಸಭೆಗಳ ಮೇಲೆ ಇನ್ನೊಂದು ವಿಡಿಯೋ ಹಾಕಿದರು. ಎರಡನ್ನೂ ಹಾಕಿದವರು ಪೂರ್ತಿ ನೋಡಿರಲಿಲ್ಲ, ಆಮೇಲೆ ಕೇಳಿದೆ. ಏಳು ಜನ ಹೊರಟುಹೋದರು.

ಆಗ ಅತ್ತೆಯದೊಂದು ವಾಯ್ಸ್ ಮೆಸೇಜ್ ಬಂತು. ಅವರದು ಬಟನ್ ಫೋನು, ಮಗನ ಫೋನಿನಿಂದ ಮಾತಾಡಿದ್ದರು. ಅತ್ತೆಯ ತಂದೆ ಮೆಥೊಡಿಸ್ಟರ ವೆಸ್ಲಿ ಮಿಷನ್ ಕಾಲದವರು. 1947ರ ಸೆಪ್ಟೆಂಬರ್ 27ಕ್ಕೆ ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ಸಿಎಸ್‌ಐ ಆದದ್ದನ್ನು ಮನೆಯಲ್ಲಿ ಕೇಳುತ್ತಾ ಬೆಳೆದವರು ಅತ್ತೆ. "ನಮ್ಮಪ್ಪನ ಕಾಲದಲ್ಲೇ ನಾಕು ಥರದವ್ರು ಸೇರ್ಕೊಂಡು ಒಂದಾದ್ರು. ಹಂಗೆ ಒಂದಾಗೋಕೆ ಎಷ್ಟೋ ವರ್ಷ ಕೂತು ಮಾತಾಡಿದ್ರಂತೆ. ನೀವು ಒಂದು ನಿಮಿಷ ಕೂತು ಮಾತಾಡಿದ್ದೀರಾ? ಬರೀ ಒತ್ತೋದು, ಕಳ್ಸೋದು." ಅಷ್ಟೇ. ಗ್ರೂಪಿನಲ್ಲಿ ಆ ದಿನ ಮತ್ತೆ ಯಾರೂ ಏನೂ ಹಾಕಲಿಲ್ಲ.

ಮಾರನೆಯ ದಿನ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಬದಲಾಯಿಸಿದೆ. ಜಗಳ ನಿಂತಿತು. ಜೊತೆಗೆ ಗ್ರೂಪು ನೋಟಿಸ್ ಬೋರ್ಡ್ ಆಯಿತು. ಈಗ ವಿನಂತಿಗಳು ನನಗೆ ಬರುತ್ತವೆ, ನಾನು ಹಾಕುತ್ತೇನೆ. ಅಷ್ಟಕ್ಕೆ ಅದು ಸಾಕು.

ಗೂಗಲ್ ಮೀಟ್‌ಗೆ ಬಂದದ್ದು ಅತ್ತೆಯ ಆ ಮಾತಿಗೇ. ಕೂತು ಮಾತಾಡೋಣ ಅಂತ. ಶನಿವಾರ ಸಂಜೆ ಏಳಕ್ಕೆ, ಹನ್ನೆರಡು ಹದಿಮೂರು ಜನ. ಮುಖ ಕಾಣುತ್ತದೆ, ಹಾಗಾಗಿ ನಾಲಿಗೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಬೈಬಲ್ ಓದುವುದಕ್ಕೆ ಮೂರರಲ್ಲಿ ಇದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಸ್ಕ್ರೀನ್ ಹಂಚಿಕೊಂಡು ಎರಡು ಅನುವಾದ ಅಕ್ಕಪಕ್ಕ ಇಟ್ಟು ಓದಬಹುದು. 23ನೇ ಕೀರ್ತನೆ ಓದಿದ ದಿನ ಮರೆಯುವುದಿಲ್ಲ. ಅತ್ತೆಯ ಹಳೆಯ ಸತ್ಯವೇದದಲ್ಲಿ "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಅಂತ ಇದೆ. ನಮ್ಮದರಲ್ಲಿ ಯೆಹೋವ ಇರುವಲ್ಲಿ ಪ್ರಭು, ಕುರುಬ ಇರುವಲ್ಲಿ ಕುರಿಗಾಹಿ. ಮಹಡಿಯ ಚೇಟ (ಚೇಚಿಯ ಗಂಡ) ಮಲಯಾಳದಲ್ಲಿ ಓದಿದರು. ಅತ್ತೆ ಮಗನ ಪಕ್ಕ ಕೂತು, "ಕುರುಬ ಅಂದ್ರೆ ಕಣ್ಮುಂದೆ ಬರ್ತಾನೆ, ಹೆಗಲ ಮೇಲೆ ಕಂಬಳಿ ಹಾಕ್ಕೊಂಡು. ಕುರಿಗಾಹಿ ಅಂದ್ರೆ ಯಾರೋ ಪುಸ್ತಕದವ್ನು" ಅಂದರು. ನನಗೋ ಚಿಕ್ಕಂದಿನಿಂದ ಕುರಿಗಾಹಿಯೇ ಕೇಳಿ ಅಭ್ಯಾಸ. ಆ ಒಂದು ಪದದ ಮೇಲೆ ಅರ್ಧ ಗಂಟೆ ಮಾತಾಡಿದೆವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಇಡೀ ಬೈಬಲನ್ನು ಕನ್ನಡಕ್ಕೆ ತಂದು 1831ಕ್ಕೆ ಮುಗಿಸಿದಾಗ ಇಂಥ ಎಷ್ಟು ಪದಕ್ಕೆ ತಲೆ ಕೆಡಿಸಿಕೊಂಡಿರಬೇಕು ಅಂತ ಬಾಮೈದ ಹೇಳಿದ. ಅವನು ಅಂಥ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದೇ ಅಲ್ಲಿ.

ತೊಂದರೆ ಬಂದದ್ದು ಪ್ರಾರ್ಥನೆಗೆ. ಮೀಟ್‌ನಲ್ಲಿ ಒಟ್ಟಿಗೆ ಹೇಳುವುದು ಆಗುವುದೇ ಇಲ್ಲ. ಒಬ್ಬೊಬ್ಬರ ಧ್ವನಿ ಒಂದೊಂದು ಗಳಿಗೆ ತಡವಾಗಿ ಬರುತ್ತದೆ. ಹದಿಮೂರು ಜನ ಸೇರಿ ಜಪಸರ ಹೇಳಿದರೆ ಸಂತೆ. ಕೊನೆಗೆ ಒಬ್ಬರು ಮಾತ್ರ ಹೇಳುವುದು, ಉಳಿದವರು ಮೈಕ್ ಮುಚ್ಚಿ ಬಾಯಿ ಆಡಿಸುವುದು. ಇದು ಕಥೋಲಿಕರಿಗೂ ಆರ್ಥೊಡಾಕ್ಸ್‌ನವರಿಗೂ ಬಹಳ ಕಷ್ಟ. ನಮ್ಮ ಪ್ರಾರ್ಥನೆ ಇರುವುದೇ ಒಬ್ಬರು ಅರ್ಧ ಹೇಳಿ ಮಿಕ್ಕವರು ಅರ್ಧ ಹೇಳುವುದರಲ್ಲಿ. ಪೆಂಟೆಕೋಸ್ಟ್‌ನವರಿಗೂ ಸುಖವಿಲ್ಲ. ಅವರು ಎಲ್ಲರೂ ಒಂದೇ ಸಲ, ಗಟ್ಟಿಯಾಗಿ, ತಮ್ಮ ತಮ್ಮ ಮಾತಿನಲ್ಲಿ ಪ್ರಾರ್ಥಿಸುವವರು. ಮೀಟ್ ಒಂದು ಸಲಕ್ಕೆ ಒಂದು ಗಂಟಲನ್ನೇ ಹಿಡಿಯುತ್ತದೆ. ಸಿಎಸ್‌ಐನವರಿಗೆ ಮಾತ್ರ ಹೆಚ್ಚು ಲುಕ್ಸಾನು ಆಗಲಿಲ್ಲ. ಆಮೇಲೆ 60 ನಿಮಿಷದ ಮಿತಿ ಬೇರೆ ಬಂತು, ಕಾಸು ಕೊಡದಿದ್ದರೆ ಮೂರು ಜನ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಷ್ಟೇ. ಒಬ್ಬ ಬ್ರದರ್ ಇಪ್ಪತ್ತೆರಡು ನಿಮಿಷ ಪ್ರಾರ್ಥನೆ ಮಾಡಿ, ಆಮೆನ್‌ಗೆ ಮೊದಲೇ ಮೀಟಿಂಗ್ ಮುಚ್ಚಿಕೊಂಡ ದಿನ ನಾನು ಒಳಗೊಳಗೇ ಗೂಗಲ್‌ಗೆ ಥ್ಯಾಂಕ್ಸ್ ಹೇಳಿದ್ದುಂಟು.

ಕಾನ್ಫರೆನ್ಸ್ ಕಾಲ್ ಶುರುವಾದದ್ದು ಅತ್ತೆಯ ಬಟನ್ ಫೋನಿನ ದೆಸೆಯಿಂದ. ಬಾಮೈದ ಕೆಲಸದ ಮೇಲೆ ಬೆಂಗಳೂರಿಗೆ ಹೋದ, ಅತ್ತೆಗೆ ಮೀಟ್ ಹಾಕಿಕೊಡುವವರು ಇಲ್ಲ. ಸರಿ, ಬುಧವಾರ ರಾತ್ರಿ ಎಂಟೂವರೆಗೆ ನಾನು ಒಬ್ಬೊಬ್ಬರಿಗೇ ಫೋನ್ ಮಾಡಿ ಮರ್ಜ್ ಒತ್ತುತ್ತೇನೆ. ನನ್ನ ಫೋನಿನಲ್ಲಿ ನಾನೂ ಸೇರಿ ಆರು ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಅತ್ತೆ, ಬಾಮೈದ, ಮಹಡಿಯವರು, ನಮ್ಮ ಧರ್ಮಕೇಂದ್ರದ ಒಬ್ಬ ನಿವೃತ್ತ ಮೇಷ್ಟ್ರು, ಬಾಮೈದನ ಸಭೆಯ ನರ್ಸ್ ಸಿಸ್ಟರ್ ಒಬ್ಬರು (ಎರಡು ಅರ್ಥದಲ್ಲೂ ಸಿಸ್ಟರ್). ನಡುವೆ ನನಗೆ ಬೇರೆ ಯಾರಾದರೂ ಫೋನ್ ಮಾಡಿ ನಾನು ಎತ್ತಿಬಿಟ್ಟರೆ ಎಲ್ಲರೂ ಹೋಲ್ಡ್‌ಗೆ ಹೋಗುತ್ತಾರೆ. ಮಂಡ್ಯದಲ್ಲಿ ಕರೆಂಟ್ ಹೋದರೆ ಅತ್ತೆಯ ಕಡೆ ಗರಗರ ಅನ್ನುತ್ತದೆ. ಹೊಸ ಜನ ಸೇರಲು ಜಾಗವಿಲ್ಲ. ಓದಿ ತೋರಿಸಲು ಪರದೆ ಇಲ್ಲ. ಸೌಕರ್ಯ ಅಂತ ನೋಡಿದರೆ ಮೂರರಲ್ಲಿ ಇದೇ ಕಡೆ.

ಆದರೂ ನಂಬಿಕೆಯ ಮಾತು ನಿಜವಾಗಿ ನಡೆದದ್ದು ಇಲ್ಲೇ. ಫಾರ್ವರ್ಡ್ ಮಾಡಲು ಏನೂ ಇಲ್ಲ. ಮುಖ ಕಾಣುವುದಿಲ್ಲ, ಹಾಗಾಗಿ ನಾಚಿಕೆಯೂ ಕಮ್ಮಿ. ಒಂದು ಬುಧವಾರ ಬಾಮೈದ ಕೇಳಿದ, "ಭಾವ, ಬೇಜಾರು ಮಾಡ್ಕೋಬೇಡಿ. ದೋರ್ನಹಳ್ಳಿಗೆ ಹೋಗಿ ಸಂತ ಅಂತೋಣಿ ಹತ್ರ ಬೇಡ್ಕೋತೀರಲ್ಲ, ಆಗ ನಿಮ್ಗೆ ಒಳಗೆ ಏನನ್ಸುತ್ತೆ?" ಇದೇ ಪ್ರಶ್ನೆ ಗ್ರೂಪಿನಲ್ಲಿ ಬಂದಿದ್ದರೆ ಇನ್ನೂ ಏಳು ಜನ ಹೊರಟುಹೋಗುತ್ತಿದ್ದರು. ಫೋನಿನಲ್ಲಿ ಅವನ ದನಿಯಲ್ಲಿ ಕುತೂಹಲ ಬಿಟ್ಟು ಬೇರೇನೂ ಇರಲಿಲ್ಲ. ನಾನು ಆರು ವರ್ಷದವನಿದ್ದಾಗ ಜ್ವರ ಬಿಡದೆ ಅಮ್ಮ ಹರಕೆ ಹೊತ್ತದ್ದು, ಜೂನ್ 13ರ ಹಬ್ಬಕ್ಕೆ ಕೆ.ಆರ್. ನಗರದಿಂದ ನನ್ನನ್ನು ಎತ್ತಿಕೊಂಡು ನಡೆದದ್ದು, ಅವಳ ಸೆರಗು ಬೆವರಿಗೆ ಒದ್ದೆಯಾಗಿ ನನ್ನ ಕೆನ್ನೆಗೆ ಅಂಟಿದ್ದು ಹೇಳಿದೆ. "ಅಲ್ಲಿಗೆ ಹೋದಾಗ ನನಗೆ ಅಮ್ಮನ ಹೆಗಲ ನೆನಪಾಗುತ್ತದೆ. ಸಂತರನ್ನು ನಮಗೋಸ್ಕರ ದೇವರ ಹತ್ತಿರ ಒಂದು ಮಾತು ಹೇಳಿ ಅಂತ ಕೇಳುತ್ತೇನೆ, ಅಷ್ಟೇ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದು ನಂಗೆ ಒಪ್ಪೋಕಾಗಲ್ಲ ಭಾವ. ಆದ್ರೆ ಗೊತ್ತಾಯ್ತು" ಅಂದ.

ಆಮೇಲೆ ತಾನೇ ತನ್ನ ಸಾಕ್ಷಿ, ಅಂದರೆ ದೇವರು ತನ್ನ ಬದುಕು ಬದಲಿಸಿದ ಕಥೆ, ಹೇಳಿದ. ಕುಡಿತ ಬಿಟ್ಟ ರಾತ್ರಿಯದು. ಸಭೆಯಲ್ಲಿ ಮೈಕ್ ಹಿಡಿದು ಎಷ್ಟೋ ಸಲ ಹೇಳಿದ್ದನಂತೆ, ಮನೆಯವರ ಮುಂದೆ ಒಮ್ಮೆಯೂ ಇಲ್ಲ. ಅತ್ತೆಯ ಕಡೆಯಿಂದ ಸದ್ದೇ ಇಲ್ಲ. ಲೈನ್ ಹೋಯಿತೇನೋ ಅಂತ "ಅತ್ತೆ, ಇದ್ದೀರಾ?" ಅಂದೆ. "ಇದ್ದೀನಿ ಕಣಪ್ಪಾ" ಅಂದರು, ಗಂಟಲು ಕಟ್ಟಿತ್ತು. ಮಗ ಚರ್ಚು ಬಿಟ್ಟ ಅನ್ನುವುದು ಅವರಿಗೆ ಗೊತ್ತಿತ್ತು. ಯಾಕೆ ಅನ್ನುವುದು ಗೊತ್ತಿರಲಿಲ್ಲ.

ಹಾಗಾಗಿ ಈಗ ಮೂರೂ ಇವೆ. ವಿನಂತಿಗೆ ವಾಟ್ಸ್‌ಆ್ಯಪ್, ತಿಂಗಳಿಗೊಮ್ಮೆ ಓದಲು ಮೀಟ್, ಬುಧವಾರ ಫೋನು. ಒಂದೇ ಸಾಕು ಅನ್ನುವವರು ಆರು ಜನ ಹುಡುಕಿಕೊಂಡು ಫೋನೇ ಮಾಡಿ.

ಕಾಲ್ ಮುಗಿಸುವುದು ಕರ್ತನು, ಅಂದರೆ ಯೇಸು, ಕಲಿಸಿದ ಪ್ರಾರ್ಥನೆಯಿಂದ, ಆರೂ ಜನ ಒಟ್ಟಿಗೆ. ಅದೂ ಪೂರ್ತಿ ಕೂಡುವುದಿಲ್ಲ. ನಾನು, ಮೇಷ್ಟ್ರು ತಂದೆಗೆ ಬಹುವಚನ ಕೊಟ್ಟು "ನಿಮ್ಮ ನಾಮ" ಅನ್ನುತ್ತೇವೆ. ಅತ್ತೆ, ಬಾಮೈದ ಮನೆಯವನನ್ನು ಕರೆದ ಹಾಗೆ "ನಿನ್ನ ನಾಮ" ಅನ್ನುತ್ತಾರೆ. ಕೇಡಿನಿಂದ ರಕ್ಷಿಸಿ ಅನ್ನುವಲ್ಲಿಗೆ ನಮ್ಮದು ಮುಗಿಯುತ್ತದೆ. ರಾಜ್ಯವೂ ಬಲವೂ ಮಹಿಮೆಯೂ ಅನ್ನುವ ಸಾಲು ನಮ್ಮ ಪೂಜೆಯಲ್ಲೂ ಇದೆ, ಆದರೆ ನಡುವೆ ಗುರುಗಳ ಪ್ರಾರ್ಥನೆ ಬಂದು ಹೋದ ಮೇಲೆ. ಮೊದಲ ಬುಧವಾರ ನಾನು ಅಭ್ಯಾಸಬಲದಿಂದ ಆಮೆನ್ ಅಂದು ಕಾಲ್ ಕಟ್ ಮಾಡಿಬಿಟ್ಟೆ. ಎರಡೇ ನಿಮಿಷದಲ್ಲಿ ಮಂಡ್ಯದಿಂದ ಫೋನ್ ಬಂತು.

"ಅಳಿಯಂದ್ರೆ, ನಿಮ್ದು ಮುಗೀತು ಅಂತ ಇಟ್ಟುಬಿಡೋದಾ? ನಮ್ದು ಇನ್ನೂ ಒಂದು ಸಾಲು ಇತ್ತು."