ಮೂರನೆಯ ಗಂಟೆಯ ಪರೀಕ್ಷೆ: ಕೊಡಗಿನ ಮಳೆಗಾಲಕ್ಕೆ ಒಂದು ಹೆಡ್‌ಫೋನ್

ಸಂದರ್ಶನಗಳ ಧ್ವನಿಮುದ್ರಣವನ್ನು ಕೇಳಿ ಅಕ್ಷರಕ್ಕಿಳಿಸುವುದು ನನ್ನ ಕೆಲಸ. ನಾಪೋಕ್ಲಿನ ಹತ್ತಿರದ ನಮ್ಮ ಮನೆಯಲ್ಲಿ ಕುಳಿತು ದಿನಕ್ಕೆ ಆರು ಗಂಟೆ, ಕೆಲಸ ಒಪ್ಪಿಸುವ ದಿನ ಹತ್ತಿರವಾದಾಗ ಎಂಟು ಗಂಟೆಯ ತನಕವೂ ಹೆಡ್‌ಫೋನ್ ತಲೆಯ ಮೇಲೆಯೇ ಇರುತ್ತದೆ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಎಂಬ ಹೆಡ್‌ಫೋನಿನ 80 ಓಮ್ (ಓಮ್ ಎಂದರೆ ವಿದ್ಯುತ್ತಿಗೆ ಇರುವ ತಡೆಯ ಅಳತೆ) ಮಾದರಿಯನ್ನು ಎರಡು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಂಗೀತ ಹೇಗೆ ಕೇಳಿಸುತ್ತದೆ ಎಂಬುದಕ್ಕಿಂತ, ಅಷ್ಟು ಹೊತ್ತು ತಲೆಯ ಮೇಲಿದ್ದೂ ಅದು ಎಷ್ಟು ಹಿತವಾಗಿರುತ್ತದೆ ಎಂಬುದೇ ಇಲ್ಲಿ ನನಗೆ ಮುಖ್ಯ.

ಅಂಗಡಿಯಲ್ಲಿ ಹತ್ತು ನಿಮಿಷ ಹಾಕಿಕೊಂಡರೆ ಎಲ್ಲ ಹೆಡ್‌ಫೋನುಗಳೂ ಹಿತವಾಗಿಯೇ ಇರುತ್ತವೆ. ಯಾವುದು ಎಂಥದ್ದು ಎಂದು ತಿಳಿಯುವುದು ಮೂರನೆಯ ಗಂಟೆಯಲ್ಲಿ. ಆ ಹೊತ್ತಿಗೆ ನೆತ್ತಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ನೋಯತೊಡಗುತ್ತದೆ, ಕಿವಿಯ ಅಂಚು ಒಳಗಿನ ಬಟ್ಟೆಗೆ ತಾಗಿ ಬಿಸಿಯಾಗುತ್ತದೆ, ಕನ್ನಡಕ ಹಾಕುವ ನನ್ನಂಥವರಿಗೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತಿಕೊಂಡು ತಲೆನೋವಿಗೆ ದಾರಿಯಾಗುತ್ತದೆ. ಮಡಿಕೇರಿಯಲ್ಲಾಗಲಿ ಗೋಣಿಕೊಪ್ಪದಲ್ಲಾಗಲಿ ಇಂಥ ಹೆಡ್‌ಫೋನನ್ನು ಹಾಕಿ ನೋಡಿ ಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ. ಮೈಸೂರಿಗೆ ಹೋದಾಗಲೂ ಅಂಗಡಿಯವರು ಕೊಟ್ಟದ್ದು ಅದೇ ಹತ್ತು ನಿಮಿಷ. ಹಾಗಾಗಿ ತೂಕ, ಬಿಗಿತ, ಕುಶನ್ನಿನ ಬಟ್ಟೆ ಈ ಮೂರನ್ನು ಕಾಗದದ ಮೇಲೆಯೇ ಲೆಕ್ಕಹಾಕಿ ತರಿಸಬೇಕಾಯಿತು.

ತೂಕದ ಬಗ್ಗೆ ಜನರಿಗಿರುವ ಭಯ ಅರ್ಧ ಮಾತ್ರ ಸರಿ. ವೈರ್ ಬಿಟ್ಟರೆ ಡಿಟಿ 770 ಪ್ರೊ ಸುಮಾರು 270 ಗ್ರಾಂ ತೂಗುತ್ತದೆ. ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ, ಆ್ಯಪಲ್ ಕಂಪನಿ 2020ರಲ್ಲಿ ತಂದ ಏರ್‌ಪಾಡ್ಸ್ ಮ್ಯಾಕ್ಸ್ 384 ಗ್ರಾಂಗೂ ಹೆಚ್ಚು. ಆದರೆ ಆ ತೂಕ ಎಲ್ಲಿ ಕೂರುತ್ತದೆ ಎಂಬುದು ಅಂಕಿಗಿಂತ ದೊಡ್ಡ ಸಂಗತಿ. ಪಟ್ಟಿ ಸಡಿಲವಾಗಿದ್ದರೆ ಭಾರವೆಲ್ಲ ನೆತ್ತಿಗೆ ಬೀಳುತ್ತದೆ. ಬಿಗಿಯಾಗಿದ್ದರೆ ನೆತ್ತಿ ಉಳಿದುಕೊಂಡು ದವಡೆ ನೋಯುತ್ತದೆ. ಹೊಸ ಹೆಡ್‌ಫೋನ್ ಯಾವುದೇ ಆದರೂ ಮೊದಲ ವಾರ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ನಾನು ರಾತ್ರಿ ಅದನ್ನು ತಲೆಯಷ್ಟೇ ಅಗಲದ ಪುಸ್ತಕಗಳ ಕಟ್ಟಿಗೆ ತೊಡಿಸಿ ಇಡುತ್ತಿದ್ದೆ. ನಾಲ್ಕೈದು ರಾತ್ರಿಗಳಲ್ಲಿ ಬಿಗಿತ ಹದಕ್ಕೆ ಬಂದಿತು. ಕುಶನ್ನಿನ ಒಳಗಿನ ಗುಂಡಿ ಅಗಲವಾಗಿರುವುದರಿಂದ ಇಡೀ ಕಿವಿ ಅದರೊಳಗೆ ಕೂರುತ್ತದೆ. ಮೆತ್ತನೆಯ ಬಟ್ಟೆಯಾದ್ದರಿಂದ ಕನ್ನಡಕದ ಕಡ್ಡಿಗೂ ತಾನಾಗಿ ಜಾಗ ಮಾಡಿಕೊಡುತ್ತದೆ. ದಪ್ಪ ಕಡ್ಡಿಯ ಕನ್ನಡಕವನ್ನು ಬಿಟ್ಟು ತೆಳು ತಂತಿಯ ಕನ್ನಡಕಕ್ಕೆ ಬದಲಾದದ್ದು ಕೂಡ ಅಷ್ಟೇ ಸಹಾಯ ಮಾಡಿತು ಎಂಬುದನ್ನು ಮುಚ್ಚಿಡಲಾರೆ.

ಇನ್ನು ಬಟ್ಟೆಯ ವಿಷಯ. ಕೊಡಗಿನಲ್ಲಿರುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಇದಕ್ಕೂ ಮೊದಲು ನನ್ನ ಬಳಿ ಇದ್ದ ಹೆಡ್‌ಫೋನಿಗೆ (ಅದರ ಹೆಸರು ಬೇಡ) ಚರ್ಮದಂತೆ ಕಾಣುವ ಕುಶನ್ ಇತ್ತು. ಜೂನಿನಲ್ಲಿ ಚೆನ್ನಾಗಿಯೇ ಇದ್ದದ್ದು ಆಗಸ್ಟ್ ನಡುವಿಗೆ ನಮ್ಮ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ಸಿಪ್ಪೆ ಸುಲಿಯತೊಡಗಿ, ಕೆಲಸ ಮುಗಿಸಿ ಎದ್ದಾಗಲೆಲ್ಲ ಕೆನ್ನೆಗೆ ಕರಿ ಹೊಟ್ಟು ಮೆತ್ತಿಕೊಂಡಿರುತ್ತಿತ್ತು. ಇಂಥ ಕುಶನ್ನುಗಳ ಹೊದಿಕೆ ಬಹುಮಟ್ಟಿಗೆ ಪಾಲಿಯುರೆಥೇನ್. ಗಾಳಿಯಲ್ಲಿನ ತೇವ ಅದರ ಬಂಧಗಳನ್ನು ನಿಧಾನವಾಗಿ ಒಡೆಯುತ್ತದೆ. ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ನಮ್ಮ ಮಳೆಗಾಲದಲ್ಲಿ ಆ ಕೆಲಸ ಇನ್ನೂ ಬೇಗ ನಡೆಯುತ್ತದೆ. ಡಿಟಿ 770 ಪ್ರೊ ಮಾದರಿಯದು ಬೂದು ಬಣ್ಣದ ವೆಲೂರ್, ಅಂದರೆ ಮಖಮಲ್ಲಿನಂಥ ಬಟ್ಟೆ. ಅದು ಸಿಪ್ಪೆ ಏಳುವುದಿಲ್ಲ, ಬೆವರನ್ನು ಚರ್ಮಕ್ಕೆ ಅಂಟಿಸಿ ಹಿಡಿಯುವುದಿಲ್ಲ. ಹಾಗೆಂದು ಬಟ್ಟೆಗೆ ತೇವದ ಭಯವೇ ಇಲ್ಲವೆಂದಲ್ಲ: ಗೋಡೆಯ ಮೊಳೆಗೆ ನೇತುಹಾಕಿ ಒಂದು ವಾರ ಮರೆತರೆ ಚಪ್ಪಲಿಗೆ, ಬೆಲ್ಟಿಗೆ ಹಿಡಿಯುವ ಬೂಷ್ಟು ಇದಕ್ಕೂ ಹಿಡಿಯುತ್ತದೆ. ಆದರೆ ಕುಶನ್ನನ್ನು ಬೆರಳಿನಿಂದಲೇ ಬಿಡಿಸಿ, ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿ, ಒಲೆಯ ಬಿಸಿ ದೂರದಿಂದ ತಾಗುವಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಕೆಲಸ ಮುಗಿದ ಮೇಲೆ ನಾನು ಹೆಡ್‌ಫೋನನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ತೇವ ಹೀರುವ ನಾಲ್ಕು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಇಡುತ್ತೇನೆ. ಚಕ್ಕುಲಿಯ ಡಬ್ಬವನ್ನು ಕಸಿದುಕೊಂಡೆ ಎಂಬ ಅಮ್ಮನ ದೂರು ಇನ್ನೂ ಇತ್ಯರ್ಥವಾಗಿಲ್ಲ.

ಹಿಂಬದಿ ಮುಚ್ಚಿದ ಮಾದರಿಯನ್ನೇ ಆರಿಸಿದ್ದಕ್ಕೂ ಮಳೆಯೇ ಕಾರಣ. ನಮ್ಮ ಮನೆಗೆ ಹೆಂಚಿದ್ದರೂ ನಾನು ಕೂರುವ ಪಡಸಾಲೆಗೆ ತಗಡಿನ ಶೀಟ್ ಹಾಕಿದೆ. ಜುಲೈ ತಿಂಗಳ ಮಳೆ ಅದರ ಮೇಲೆ ಬೀಳುವಾಗ ಎದುರಿಗೆ ಕುಳಿತವರ ಮಾತೂ ಕೇಳಿಸುವುದಿಲ್ಲ. ಶಬ್ದ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯುಳ್ಳ ವೈರ್‌ಲೆಸ್ ಹೆಡ್‌ಫೋನ್ ಇದಕ್ಕೆ ಮದ್ದೆಂದು ನಾನೂ ನಂಬಿದ್ದೆ. ಅಂಥ ವ್ಯವಸ್ಥೆ ಬಸ್ಸಿನ ಎಂಜಿನ್, ಜನರೇಟರ್ ಮುಂತಾದವುಗಳ ಒಂದೇ ಸಮನಾದ ತಗ್ಗಿನ ಸದ್ದನ್ನು ಚೆನ್ನಾಗಿ ಅಳಿಸುತ್ತದೆ. ಹನಿ ಹನಿಯಾಗಿ ಸಿಡಿಯುವ ತಗಡಿನ ಮೇಲಿನ ಮಳೆಯಲ್ಲಿರುವ ಮೇಲಿನ ಸ್ತರದ ಸದ್ದನ್ನು ಅದು ಅಷ್ಟಾಗಿ ಮುಟ್ಟಲಾರದು. ಅದನ್ನು ತಡೆಯುವುದು ಕಿವಿಯ ಸುತ್ತ ಸರಿಯಾಗಿ ಕೂತ ಕುಶನ್ ಮತ್ತು ಗಟ್ಟಿಯಾದ ಹೊರಚಿಪ್ಪು. ಇವೆರಡೂ ಈ ಹೆಡ್‌ಫೋನಿನಲ್ಲಿವೆ, ಬ್ಯಾಟರಿ ಬೇಕಾಗಿಲ್ಲ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ ಚಾರ್ಜ್ ಮಾಡಬೇಕಾದ ವಸ್ತು ಒಂದು ಕಡಿಮೆಯಾದರೂ ಅದು ದೊಡ್ಡ ನೆಮ್ಮದಿಯೇ.

ಹೊರಗಿನ ಸದ್ದು ಕಡಿಮೆಯಾಗುವುದು ಬರೀ ಹಿತದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಸರಾಸರಿ 80 ಡೆಸಿಬೆಲ್ ಮೀರಬಾರದು. ಶಬ್ದ 3 ಡೆಸಿಬೆಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ರಲ್ಲಿ 20 ಗಂಟೆ, 86ರಲ್ಲಿ 10 ಗಂಟೆ ಮಾತ್ರ. ನನ್ನ ಕೆಲಸದ ವಾರವೇ 40 ಗಂಟೆಗೆ ಹತ್ತಿರ. ಮಳೆಯನ್ನು ಮೀರಿಸಲೆಂದು ವಾಲ್ಯೂಮ್ ಏರಿಸುತ್ತಾ ಹೋದರೆ ಆ ಲೆಕ್ಕ ಮಂಗಳವಾರಕ್ಕೇ ಮುಗಿದುಹೋದೀತು. ಈಗ ಏರಿಸುವ ಅಗತ್ಯ ಬೀಳುವುದಿಲ್ಲ. ಇದರಿಂದ ಆಗಿರುವ ತೊಂದರೆಯೆಂದರೆ, ಅಡುಗೆಮನೆಯಿಂದ ಅಮ್ಮ ಕರೆದದ್ದು ನನಗೆ ಕೇಳಿಸುವುದೇ ಇಲ್ಲ. ಪಡಸಾಲೆಯ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸಿದರೆ ಊಟಕ್ಕೆ ಏಳಬೇಕೆಂಬುದು ಈಗ ನಮ್ಮಲ್ಲಿ ರೂಢಿಯಾಗಿದೆ. ಕರೆಂಟ್ ಇಲ್ಲದ ದಿನ ಅವರೇ ಬಂದು ಹೆಗಲು ತಟ್ಟುತ್ತಾರೆ.

ಧ್ವನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಗ್ಗಿನ ಸ್ವರ ತುಸು ತುಂಬಿಕೊಂಡಿದೆ, ಮೇಲಿನ ಸ್ವರ ಚೂಪಾಗಿದೆ. ಮೈಕಿಗೆ ತೀರ ಹತ್ತಿರ ಕುಳಿತು ಮಾತನಾಡಿದವರ ಸಕಾರ, ಶಕಾರಗಳು ಕೆಲವೊಮ್ಮೆ ಚುಚ್ಚುತ್ತವೆ. ಲ್ಯಾಪ್‌ಟಾಪಿನ ಈಕ್ವಲೈಜರಿನಲ್ಲಿ ಮೇಲಿನ ಭಾಗವನ್ನು ಸ್ವಲ್ಪ ತಗ್ಗಿಸಿಕೊಂಡಿದ್ದೇನೆ. ಹಲ್ಲಿಲ್ಲದ ಹಿರಿಯರ ಮಾತನ್ನು ಬಿಡಿಸಿಕೊಳ್ಳುವಾಗ ಮಾತ್ರ ಆ ಚೂಪೇ ನೆರವಿಗೆ ಬರುತ್ತದೆ. ಓಮ್ ಹೆಚ್ಚಿದಷ್ಟೂ ಸದ್ದು ಏರಿಸಲು ಸಾಮಾನ್ಯವಾಗಿ ಹೆಚ್ಚು ವೋಲ್ಟೇಜ್ ಬೇಕು. 80 ಓಮ್ ಆದರೂ ಮಾತಿನ ಧ್ವನಿಮುದ್ರಣಕ್ಕೆ ಲ್ಯಾಪ್‌ಟಾಪ್, ಫೋನ್ ಎರಡೂ ಸಾಕಾಗುತ್ತವೆ. ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗಿಲ್ಲ. ಇದೇ ಹೆಡ್‌ಫೋನಿನ 250 ಓಮ್ ಮಾದರಿಯನ್ನು ಕೊಳ್ಳುವವರು ಆ ಖರ್ಚನ್ನೂ ಎಣಿಸಿಕೊಳ್ಳುವುದು ಒಳ್ಳೆಯದು.

ವೈರ್ ಮೂರು ಮೀಟರ್ ಉದ್ದ, ಮತ್ತು ಅದನ್ನು ಬಿಚ್ಚಿ ಬದಲಿಸಲು ಬರುವುದಿಲ್ಲ. ಮೇಜಿನಿಂದ ಕಿಟಕಿಯ ತನಕ ಹೋಗಿ ಬರಲು ಆ ಉದ್ದ ಅನುಕೂಲವಾದರೂ ಕುರ್ಚಿಯ ಗಾಲಿಗೆ ಅದು ಎರಡು ಸಲ ಸಿಕ್ಕಿಕೊಂಡಿದೆ. ಈಗ ಅರ್ಧವನ್ನು ಸುತ್ತಿ ಬಟ್ಟೆಯ ಪಟ್ಟಿ ಕಟ್ಟಿದ್ದೇನೆ. ಕುಶನ್ನೂ ತಲೆಪಟ್ಟಿಯ ಹೊದಿಕೆಯೂ ಬಿಡಿಯಾಗಿ ಸಿಗುತ್ತವೆ, ಮನೆಯಲ್ಲಿಯೇ ಬದಲಿಸಬಹುದು. ಎರಡನೆಯ ಮಳೆಗಾಲ ಮುಗಿದ ಮೇಲೆ ಇಡಿಟಿ 770 ವಿ ಎಂಬ ಕುಶನ್ ಜೋಡಿಯನ್ನು ತರಿಸಿ ಹಾಕಿದೆ. ಹಳೆಯವು ಹರಿದಿರಲಿಲ್ಲ, ಒಳಗಿನ ಸ್ಪಂಜು ಚಪ್ಪಟೆಯಾಗಿ ಕಿವಿಯ ಅಂಚು ಮತ್ತೆ ತಾಗತೊಡಗಿತ್ತು.

ಬೇಸಿಗೆಯಲ್ಲಿ ಮಾತ್ರ ನಾನು ಇದನ್ನು ಪೂರ್ತಿ ಮೆಚ್ಚಲಾರೆ. ಮಾರ್ಚ್ ಮಧ್ಯಾಹ್ನ ಎರಡು ಗಂಟೆಗೆ, ವೆಲೂರೇ ಆದರೂ, ಮುಚ್ಚಿದ ಚಿಪ್ಪಿನೊಳಗೆ ಕಿವಿ ಬೆಚ್ಚಗಾಗಿಯೇ ತೀರುತ್ತದೆ. ಆ ಮೂರು ತಿಂಗಳು ಗೆಳೆಯರೊಬ್ಬರ ಸೆನ್‌ಹೈಸರ್ ಎಚ್‌ಡಿ 560ಎಸ್ ನನ್ನ ಬಳಿ ಇರುತ್ತದೆ. ಸುಮಾರು 240 ಗ್ರಾಂ ತೂಕದ, ಹಿಂಬದಿ ತೆರೆದ ಹೆಡ್‌ಫೋನ್ ಅದು. ಗಾಳಿ ಆಡುತ್ತದೆ, ಮಾತು ಎದುರಿನಿಂದಲೇ ಬಂದಂತೆ ಕೇಳಿಸುತ್ತದೆ, ಅಮ್ಮ ಕರೆದದ್ದೂ ಕೇಳಿಸುತ್ತದೆ. ಜೂನಿನಲ್ಲಿ ತಗಡಿನ ಮೇಲೆ ಮೊದಲ ಜೋರು ಮಳೆ ಸುರಿದ ದಿನ ಅದನ್ನು ಅವರ ಮನೆಗೆ ಮುಟ್ಟಿಸಿ, ಸ್ಟೀಲ್ ಡಬ್ಬದ ಮುಚ್ಚಳ ತೆಗೆಯುತ್ತೇನೆ.