ನಾಣಚ್ಚಿಯ ಸಫಾರಿ, ಬ್ರಹ್ಮಗಿರಿಯ ಕಾಲುಹಾದಿ: ಕೊಡಗಿನ ಕಾಡು ನೋಡಲು ಬರುವವರಿಗೆ

ಮಡಿಕೇರಿಯಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿರುವ ನನಗೆ, ಪ್ರತಿ ವರ್ಷ ಮಳೆ ಹಿಂದೆಗೆಯುತ್ತಿದ್ದಂತೆಯೇ ಬಯಲುಸೀಮೆಯ ನೆಂಟರಿಂದ ತಪ್ಪದೆ ಒಂದು ಪ್ರಶ್ನೆ ಬರುತ್ತದೆ: ಕೊಡಗಿಗೆ ಬಂದರೆ ಕಾಡನ್ನು ಎಲ್ಲಿ ನೋಡಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು, ಪ್ರಾಣಿಗಳು ಕಾಣಿಸುತ್ತವೆಯೇ. ಕಳೆದ ಬಾರಿ ಹುತ್ತರಿ ಹಬ್ಬಕ್ಕೆ ಎರಡು ವಾರ ಇರುವಾಗ ಹುಬ್ಬಳ್ಳಿಯಿಂದ ತಂಗಿಯ ಮಗಳು, ಅವಳ ಗಂಡ ಮತ್ತು ಪಿಯುಸಿ ಓದುತ್ತಿರುವ ಅವರ ಮಗ ಬಂದಾಗ, ಐದು ದಿನ ಬಿಡುವು ಮಾಡಿಕೊಂಡು ನಾನೇ ಅವರೊಡನೆ ಸುತ್ತಾಡಿದೆ. ಆ ಅನುಭವದ ಮೇಲೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾಹನದ ಸಫಾರಿಗೆ ಒಂದು ಹೊತ್ತು ಸಾಕು. ಉಳಿದ ಸಮಯವನ್ನೂ ಹಣವನ್ನೂ ಕಾಡು ಬಲ್ಲ ಸ್ಥಳೀಯರೊಬ್ಬರ ಹಿಂದೆ ನಡೆಯುವುದಕ್ಕೆ ಮೀಸಲಿಡಿ.

ಕೊಡಗಿನ ಪೂರ್ವದ ಅಂಚಿನಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಿದ್ದರೆ, ಘಟ್ಟದ ಸಾಲಿನಲ್ಲಿ ದಕ್ಷಿಣಕ್ಕೆ ಬ್ರಹ್ಮಗಿರಿ, ಪಶ್ಚಿಮಕ್ಕೆ ತಲಕಾವೇರಿ, ಉತ್ತರಕ್ಕೆ ಪುಷ್ಪಗಿರಿ ಎಂಬ ಮೂರು ವನ್ಯಜೀವಿ ಅಭಯಾರಣ್ಯಗಳಿವೆ. ಈ ಮೂರೂ 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳು. ಹೊಸಬರು ಎಡವುವ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ತಲಕಾವೇರಿ ದೇವಸ್ಥಾನದ ಬೆನ್ನಿಗಿರುವ ಬೆಟ್ಟದ ಹೆಸರೂ ಬ್ರಹ್ಮಗಿರಿಯೇ, ಕುಟ್ಟದ ಬಳಿ ಕೇರಳದ ಗಡಿಯಲ್ಲಿ ಹಬ್ಬಿರುವ ಶ್ರೇಣಿಯ ಹೆಸರೂ ಬ್ರಹ್ಮಗಿರಿಯೇ. ಚಾರಣಕ್ಕೆಂದು ಹೊರಟವರು ಮ್ಯಾಪಿನಲ್ಲಿ ಬರೀ ಹೆಸರು ಹಾಕಿ ಭಾಗಮಂಡಲದ ಕಡೆಗೆ ಹೋಗಿಬಿಟ್ಟರೆ ಆ ದಿನ ಅಲ್ಲಿಗೆ ಮುಗಿದಂತೆ. ನಾನು ಇಲ್ಲಿ ಬರೆಯುತ್ತಿರುವುದು ಕುಟ್ಟದ ಕಡೆಯ ಬ್ರಹ್ಮಗಿರಿಯ ಬಗ್ಗೆ.

ನಾಗರಹೊಳೆಗೆ ಹುಣಸೂರಿನ ಕಡೆಯಿಂದ ವೀರನಹೊಸಹಳ್ಳಿ, ಎಚ್.ಡಿ. ಕೋಟೆಯ ಕಡೆಯಿಂದ ದಮ್ಮನಕಟ್ಟೆ, ನಮ್ಮ ಕೊಡಗಿನ ಕಡೆಯಿಂದ ಕುಟ್ಟದ ಹತ್ತಿರದ ನಾಣಚ್ಚಿ, ಹೀಗೆ ಬೇರೆ ಬೇರೆ ಬಾಗಿಲುಗಳಿವೆ. ನಾವು ಆರಿಸಿಕೊಂಡದ್ದು ನಾಣಚ್ಚಿಯನ್ನು. ಗೋಣಿಕೊಪ್ಪದಿಂದ ಶ್ರೀಮಂಗಲ, ಕುಟ್ಟ ಹಾದು ಬರುವ ಈ ದಾರಿಯಲ್ಲಿ ಕಾಫಿ ತೋಟಗಳು ಮುಗಿಯುವುದೂ ಕಾಡು ಆರಂಭವಾಗುವುದೂ ಒಂದೇ ಬೇಲಿಯಲ್ಲಿ. ಮುಂಗಡ ಟಿಕೆಟ್ ಮಾಡಿಸಿದ್ದರಿಂದ ಬೆಳಗಿನ ಸರದಿಗೆ ಜಾಗ ಸಿಕ್ಕಿತು. ರಜಾ ದಿನಗಳಲ್ಲಿ ನೇರವಾಗಿ ಹೋಗಿ ನಿಂತರೆ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು. ನವೆಂಬರಿನ ಕೊನೆಯಲ್ಲಿ ಆರು ಗಂಟೆಯ ಹೊತ್ತಿಗೆ ಅಲ್ಲಿ ಮಂಜು ದಟ್ಟವಾಗಿರುತ್ತದೆ. ಕಂಬಳಿಯಲ್ಲದಿದ್ದರೂ ಸ್ವೆಟರು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, ಆಮೇಲೆ ಹುಲಿ ಸಂರಕ್ಷಿತ ಪ್ರದೇಶವಾಗಿ ಬೆಳೆದ ಈ 643 ಚದರ ಕಿಲೋಮೀಟರಿನ ಕಾಡನ್ನು ನೋಡುವಾಗ ಕಣ್ಣಿಗೆ ಮೊದಲು ಬೀಳುವುದು ತೇಗ, ಮತ್ತಿ, ನಂದಿ, ಹೊನ್ನೆ, ಬೀಟೆಯ ಮರಗಳು ಮತ್ತು ಅವುಗಳ ನಡುವೆ ತಟ್ಟೆಯಂತೆ ತೆರೆದುಕೊಳ್ಳುವ ಹಡ್ಲುಗಳು. ಹಡ್ಲು ಎಂದರೆ ತೇವ ಆರದ, ವರ್ಷದ ಬಹುಭಾಗ ಹುಲ್ಲು ಹಸಿರಾಗಿರುವ ತಗ್ಗು ಬಯಲು. ಜಿಂಕೆ, ಕಾಡೆಮ್ಮೆ, ಆನೆಗಳು ಮೇಯಲು ಇಳಿಯುವುದು ಇಲ್ಲಿಗೇ. ಆದ್ದರಿಂದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕವರು ಕಾಡಿನ ಕತ್ತಲೆಯನ್ನು ಇಣುಕುವುದಕ್ಕಿಂತ ಹಡ್ಲು ಬಂದಾಗಲೆಲ್ಲ ಅದರ ದೂರದ ಅಂಚನ್ನು ನಿಧಾನವಾಗಿ ಕಣ್ಣಿನಿಂದ ಗುಡಿಸಬೇಕು. ನಾವು ಹೀಗೆಯೇ ಎರಡನೆಯ ಹಡ್ಲಿನಲ್ಲಿ ಹನ್ನೊಂದು ಕಾಡೆಮ್ಮೆಗಳನ್ನು ಕಂಡೆವು. ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ತೊಟ್ಟಂತಿದ್ದ ಅವುಗಳ ಪೈಕಿ ಒಂದು ಗಂಡು ತಲೆ ಎತ್ತಿ ನಮ್ಮನ್ನು ನೋಡಿತು, ನೋಡುತ್ತಲೇ ಮೆಲುಕು ಹಾಕುವುದನ್ನು ಮುಂದುವರಿಸಿತು.

ಸ್ವಲ್ಪ ಮುಂದೆ ಮರದ ತುದಿಯಿಂದ ಮುಸುವವೊಂದು ಗಂಟಲು ಹರಿದುಕೊಂಡು ಕೂಗತೊಡಗಿತು. ಅದರ ಬೆನ್ನಿಗೇ ಜಿಂಕೆಗಳ ಎಚ್ಚರಿಕೆಯ ಕೂಗೂ ಕೇಳಿಸಿತು. ಚಾಲಕರು ಎಂಜಿನ್ ನಿಲ್ಲಿಸಿದರು. ಕಾಲು ಗಂಟೆ ಯಾರೂ ಮಾತಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ಹುಡುಗ ಮೆಲ್ಲಗೆ, “ಅಜ್ಜಾ, ಹುಲಿ ಐತೇನು?” ಎಂದು ಕೇಳಿದ. ಇತ್ತು ಎಂದೇ ನನ್ನ ನಂಬಿಕೆ, ಆದರೆ ಪೊದೆಯ ಹಿಂದಿನಿಂದ ಅದು ಹೊರಗೆ ಬರಲಿಲ್ಲ. ಇಡೀ ಸಫಾರಿಯಲ್ಲಿ ಹುಲಿ ಕಾಣಲಿಲ್ಲ. ಮರಿಯೊಂದಿಗಿದ್ದ ಮೂರು ಹೆಣ್ಣಾನೆಗಳು, ಒಂದು ಕೆಂಜಳಿಲು, ಲೆಕ್ಕವಿಲ್ಲದಷ್ಟು ಜಿಂಕೆಗಳು, ಒಂದು ಕಡವೆ ಕಂಡವು. ಕೊಟ್ಟ ಹಣಕ್ಕೆ ಇದು ಕಡಿಮೆಯೇನಲ್ಲ. ಜೀಪಿನಲ್ಲಿ ಹೋದರೆ ಜನ ಕಡಿಮೆ, ದರ ಹೆಚ್ಚು. ಕುಟುಂಬದೊಡನೆ ಬಂದವರಿಗೆ ಬಸ್ಸು ಸಾಕು, ಕ್ಯಾಮೆರಾ ಹಿಡಿದು ಬಂದವರಿಗೆ ಜೀಪು ಒಳ್ಳೆಯದು.

ಇಷ್ಟು ನಿರಾಳವಾಗಿ ಪ್ರಾಣಿಗಳು ಬಯಲಿಗೆ ಬರುವುದರ ಹಿಂದೆ ದೊಡ್ಡ ದುಡಿಮೆಯಿದೆ ಎಂಬುದನ್ನು ಬರುವವರು ತಿಳಿದಿರಬೇಕೆಂದು ನನ್ನ ಆಸೆ. ಕಳ್ಳಬೇಟೆಯೂ ಮರಗಳ್ಳತನವೂ ಮಿತಿಮೀರಿದ್ದ ಕಾಲದಲ್ಲಿ ಇಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ನಮ್ಮ ಕೊಡಗಿನವರೇ. 2024ರಲ್ಲಿ ಅವರು ತೀರಿಕೊಂಡಾಗ ದಕ್ಷಿಣ ಕೊಡಗಿನ ಎಷ್ಟೋ ಮನೆಗಳಲ್ಲಿ ಸ್ವಂತ ಹಿರಿಯರನ್ನು ಕಳೆದುಕೊಂಡ ದುಃಖವಿತ್ತು. ಡಾ. ಉಲ್ಲಾಸ ಕಾರಂತರು ಹುಲಿಗಳ ದೀರ್ಘಕಾಲದ ಅಧ್ಯಯನವನ್ನು 1986ರಲ್ಲಿ ಆರಂಭಿಸಿದ್ದೂ ಈ ನಾಗರಹೊಳೆಯಲ್ಲಿಯೇ. ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಇನ್ನೊಂದರದ್ದಿರುವುದಿಲ್ಲ. ಆ ಪಟ್ಟೆಗಳನ್ನು ಕ್ಯಾಮೆರಾದ ಚಿತ್ರಗಳಲ್ಲಿ ಗುರುತಿಸಿ ಎಣಿಸುವ ವಿಧಾನವು ಬೆಳೆದ ಕಾಡುಗಳಲ್ಲಿ ಇದು ಮುಖ್ಯವಾದದ್ದು.

ಇನ್ನು ಒಂದು ಕಹಿಯನ್ನು ಹೇಳಲೇಬೇಕಾಗಿದೆ. ಆ ರಾತ್ರಿ ನಾವು ಉಳಿದುಕೊಂಡಿದ್ದ ಹೋಂಸ್ಟೇಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಳಿಯ ಮುಂಗಡ ಹಣ ಕಟ್ಟುವಾಗಲೇ “ನೈಟ್ ಸಫಾರಿ” ಎಂಬುದೊಂದು ಬಿಲ್ಲಿನಲ್ಲಿ ಸೇರಿಕೊಂಡಿತ್ತು, ಅವನಿಗೆ ಅದು ಅಧಿಕೃತವಾದದ್ದು ಎಂದೇ ಅನ್ನಿಸಿತ್ತು. ಊಟವಾದ ಮೇಲೆ ಒಂಬತ್ತು ಗಂಟೆಗೆ ಮೇಲ್ಛಾವಣಿ ತೆಗೆದ ಜೀಪೊಂದು ಬಂದು ನಿಂತಿತು, ಅದರಲ್ಲಿ ಕೈಯಲ್ಲಿ ಹಿಡಿಯುವ ದೊಡ್ಡ ಲೈಟೂ ಇತ್ತು. ನಾನು ಹತ್ತಲಿಲ್ಲ, ಮಕ್ಕಳನ್ನೂ ಹತ್ತಿಸಲಿಲ್ಲ. ಸಂರಕ್ಷಿತ ಕಾಡಿನೊಳಗೆ ರಾತ್ರಿ ಪ್ರವಾಸಿಗರಿಗೆ ಪ್ರವೇಶವೇ ಇಲ್ಲ. ಹಾಗಾದರೆ ಇವರು ತಿರುಗಾಡಿಸುವುದು ಕಾಡಂಚಿನ ತೋಟದ ರಸ್ತೆಗಳಲ್ಲಿ. ಆನೆಗಳು ಕತ್ತಲಾದ ಮೇಲೆ ಹಲಸು, ಬಾಳೆ, ಭತ್ತದ ಗದ್ದೆ ಹುಡುಕಿ ಇಳಿಯುವುದು ಇದೇ ರಸ್ತೆಗಳಿಗೆ, ಮಾರನೆಯ ಬೆಳಗಿನ ಜಾವ ತೋಟದ ಕಾರ್ಮಿಕರು ಕೆಲಸಕ್ಕೆ ನಡೆದು ಹೋಗುವುದೂ ಇದೇ ರಸ್ತೆಗಳಲ್ಲಿ. ರಾತ್ರಿಯೆಲ್ಲ ಕಣ್ಣಿಗೆ ಬೆಳಕು ಬಿಟ್ಟು ರೇಗಿಸಿದ ಆನೆಯ ಎದುರು ಬೆಳಿಗ್ಗೆ ಬುತ್ತಿ ಹಿಡಿದ ಹೆಂಗಸೊಬ್ಬಳು ಸಿಕ್ಕರೆ ಹೊಣೆ ಯಾರು? ಕೊಡಗಿನಲ್ಲಿ ಆನೆ ತುಳಿದು ಸತ್ತವರ ಸುದ್ದಿಯನ್ನು ಪ್ರತಿ ವರ್ಷ ಓದುವ ನಮಗೆ ಇದು ಮೋಜಿನ ವಿಷಯವಲ್ಲ. ಜಗಳವಾಡಿದರೂ ಹಣ ಹಿಂದಿರುಗಲಿಲ್ಲ. ಬುಕಿಂಗ್ ಮಾಡುವಾಗ ಬಿಲ್ಲಿನಲ್ಲಿ ಇಂಥದ್ದಿದ್ದರೆ ತೆಗೆಸಿಹಾಕಿ, ತೆಗೆಯದಿದ್ದರೆ ಬೇರೆ ಮನೆ ನೋಡಿಕೊಳ್ಳಿ.

ಬ್ರಹ್ಮಗಿರಿಗೆ ಹೊರಟದ್ದು ಮೂರನೆಯ ದಿನ. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಮತ್ತು ಜೊತೆಗೊಬ್ಬ ಮಾರ್ಗದರ್ಶಿ ಇರಲೇಬೇಕು. ಗುರುತಿನ ಚೀಟಿ ಇಟ್ಟುಕೊಂಡು ಮೊದಲೇ ವ್ಯವಸ್ಥೆ ಮಾಡಿಕೊಳ್ಳುವುದು ಲೇಸು. ದಾರಿ ಆರಂಭವಾಗುವುದು ಇರ್ಪುವಿನಲ್ಲಿ, ರಾಮೇಶ್ವರ ದೇವಸ್ಥಾನ ದಾಟಿ, ಲಕ್ಷ್ಮಣತೀರ್ಥ ಹೊಳೆಯ ಜಲಪಾತದ ಪಕ್ಕದಿಂದ. ಶಿವರಾತ್ರಿಗೆ ಸಾವಿರಾರು ಜನ ಮೀಯುವ ಈ ನೀರು ಕೆಳಗೆ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಬಹಳ ಮಂದಿ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. 181 ಚದರ ಕಿಲೋಮೀಟರಿನ ಅಭಯಾರಣ್ಯ ಶುರುವಾಗುವುದು ಅದರ ನೆತ್ತಿಯ ಮೇಲೆ. 1608 ಮೀಟರ್ ಎತ್ತರದ ತುದಿಗೆ ಇಲ್ಲಿಂದ ಸುಮಾರು 9 ಕಿಲೋಮೀಟರು ಏರುದಾರಿ. ತಂಗಿಯ ಮಗಳು ನರಿಮಲೆಯ ಅರಣ್ಯ ಇಲಾಖೆಯ ಬಂಗಲೆಯವರೆಗೆ ಬರುವುದೆಂದೂ ಮುಂದಿನದನ್ನು ಅಲ್ಲಿ ನೋಡಿಕೊಳ್ಳುವುದೆಂದೂ ಮಾತಾಯಿತು.

ನಮ್ಮ ಮಾರ್ಗದರ್ಶಿ ಕುಟ್ಟದ ಕಡೆಯ ಆದಿವಾಸಿಗಳ ಹಾಡಿಯೊಂದರವರು. ನಲವತ್ತರ ಆಸುಪಾಸಿನ, ಕೇಳಿದ್ದಕ್ಕೆ ಮಾತ್ರ ಮಾತಾಡುವ ಮನುಷ್ಯ. ಮೊದಲ ಅರ್ಧ ಗಂಟೆ ಅವರು ಏನನ್ನೂ ತೋರಿಸಲಿಲ್ಲ. ನಮ್ಮ ನಾಲ್ವರ ಹೆಜ್ಜೆ ಹೊಂದಿಕೊಳ್ಳುವುದನ್ನು ಕಾಯುತ್ತಿದ್ದರೆಂದು ಆಮೇಲೆ ಅರ್ಥವಾಯಿತು. ಅನಂತರ ಒಂದೊಂದೇ ತೆರೆದುಕೊಂಡಿತು. ಕರಡಿ ಕೆರೆದ ಹುತ್ತ, ಕೆಂಜಳಿಲು ಕಚ್ಚಿ ಬೀಳಿಸಿದ ಅರೆತಿಂದ ಕಾಯಿ, ಕಾಡುಹಂದಿ ಮೈಯುಜ್ಜಿ ಕೆಸರು ಮೆತ್ತಿದ ಮರದ ಬುಡ. ಕಾಡು ಮುಗಿದು ಹುಲ್ಲುಗಾವಲು ಆರಂಭವಾಗುವ ಕಡೆ ಅವರು ಕುಕ್ಕರಗಾಲಿನಲ್ಲಿ ಕುಳಿತು ಹುಡುಗನನ್ನು ಹತ್ತಿರ ಕರೆದರು. ಜೌಗು ನೆಲದಲ್ಲಿ ದೊಡ್ಡ ಬಾಣಲೆಯಷ್ಟು ಅಗಲಕ್ಕೆ ಆನೆಯ ಹೆಜ್ಜೆ ಮೂಡಿತ್ತು, ಅದರಲ್ಲಿ ನಾಲ್ಕು ಬೆರಳಿನಷ್ಟು ನೀರು ನಿಂತಿತ್ತು, ಆ ನೀರಿನಲ್ಲಿ ಕರಿಯ ಗೊದಮೊಟ್ಟೆಗಳು ಓಡಾಡುತ್ತಿದ್ದವು. ಅಂಚಿನಲ್ಲಿ ಹಿಮ್ಮಡಿಯ ಬಿರುಕುಗಳ ಗುರುತು ಕೂಡ ಅಚ್ಚಾಗಿ ಉಳಿದಿತ್ತು. “ಮಳೆ ನಿಂತು ಮೂರು ವಾರ ಆಯ್ತು ಸಾರ್, ಇಲ್ಲಿ ಮಾತ್ರ ನೀರಿದೆ” ಎಂದರು. ಆನೆಯೊಂದು ನಡೆದು ಹೋದದ್ದರಿಂದ ಕಪ್ಪೆಗಳಿಗೆ ಕೆರೆಯಾಗಿದೆ ಎಂಬುದನ್ನು ನಾನು ಅರವತ್ತರ ಹತ್ತಿರದ ವಯಸ್ಸಿನಲ್ಲಿ ಮೊದಲ ಸಲ ಕಣ್ಣಾರೆ ಕಂಡೆ.

ನರಿಮಲೆಗೆ ಇನ್ನೂ ಸ್ವಲ್ಪ ದೂರ ಇರುವಾಗ ಅವರು ಕೈ ಅಡ್ಡ ಹಿಡಿದು ನಿಂತರು. ನಮಗೆ ಏನೂ ಕೇಳಿಸಿರಲಿಲ್ಲ. ನಾಲ್ಕು ಎಸಳು ಒಣಹುಲ್ಲನ್ನು ಚಿವುಟಿ ಕೈಯಿಂದ ಬಿಟ್ಟು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿದರು. ಆಮೇಲೆ ಕೆಳಗಿನ ಕಣಿವೆಯಿಂದ ವಾಟೆಬಿದಿರು ಮುರಿಯುವ ಸದ್ದು ಬಂತು, ಹಿಂದೆಯೇ ಹೊಟ್ಟೆಯೊಳಗಿನಿಂದ ಗುಡುಗಿದಂಥ ಸಣ್ಣ ದನಿ. “ಮುಂದೆ ಹೋಗೋದು ಬೇಡ ಸಾರ್. ಮರಿ ಇರೋ ಗುಂಪು, ಅವು ದಾಟಿ ಹೋಗಲಿ. ಅಕ್ಕ, ನೀವು ಈ ಬಂಡೆ ಪಕ್ಕ ಕೂತ್ಕೊಳ್ಳಿ.” ನಲವತ್ತು ನಿಮಿಷ ಕುಳಿತೆವು. ಒಂದು ಆನೆಯೂ ಕಣ್ಣಿಗೆ ಬೀಳಲಿಲ್ಲ, ಹಸಿ ಹುಲ್ಲು ಮತ್ತು ಲದ್ದಿಯ ವಾಸನೆ ಮಾತ್ರ ಗಾಳಿ ತಿರುಗಿದಾಗಲೊಮ್ಮೆ ಬಂದು ಹೋಗುತ್ತಿತ್ತು. ಮುಂದೆ ಹೋದಾಗ ದಾರಿಯ ನಡುವೆ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಈ ಸೇವೆಗೆ ನಾವು ತೆತ್ತದ್ದು ರಸೀದಿ ಸಹಿತವಾದ ನಿಗದಿತ ಶುಲ್ಕ ಮಾತ್ರ, ಐದು ದಿನದ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಬೇರೆ ಇಲ್ಲ.

ನರಿಮಲೆಯಿಂದ ಮೇಲೆ ಬೋಳು ಹುಲ್ಲುಬೆಟ್ಟ, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂದು ಕರೆಯುವ, ಕುಳ್ಳ ಮರಗಳು ಒತ್ತಾಗಿ ಬೆಳೆದ ಕಾಡು. ಬೆಟ್ಟದಲ್ಲಿ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿಯೂ ತೊರೆಗಳಿಗೆ ಬಿಟ್ಟುಕೊಡುವುದು ಈ ಶೋಲಾಗಳೇ. ತುದಿಯಲ್ಲಿ ನಿಂತರೆ ಒಂದು ಬದಿಗೆ ಕೊಡಗು, ಇನ್ನೊಂದು ಬದಿಗೆ ವಯನಾಡು. ತಂಗಿಯ ಮಗಳು ನರಿಮಲೆಯಲ್ಲಿ ನಿಲ್ಲದೆ ತುದಿಯವರೆಗೂ ಬಂದಳು.

ಪುಷ್ಪಗಿರಿಯ ಕಡೆ ನಾವು ನೋಡಿದ್ದು ಸೋಮವಾರಪೇಟೆಯ ಮೂಲಕ ಹೋಗಬೇಕಾದ ಮಲ್ಲಳ್ಳಿ ಜಲಪಾತವನ್ನಷ್ಟೆ. ಕುಮಾರಧಾರೆ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಧುಮುಕಿ ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮಂಡಿನೋವಿರುವವರು ಮೇಲಿನಿಂದಲೇ ನೋಡುವುದು ಒಳ್ಳೆಯದು, ಇಳಿದಷ್ಟನ್ನೂ ಹತ್ತಬೇಕು. ಇದೇ ಪುಷ್ಪಗಿರಿ ಅಭಯಾರಣ್ಯದ ಶಿಖರವಾದ ಕುಮಾರಪರ್ವತದ ಚಾರಣಕ್ಕೆ 2024ರ ಜನವರಿಯ ನೂಕುನುಗ್ಗಲಿನ ನಂತರ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಬಂದಿದೆ. ಮೊದಲು ಇದು ತೊಡಕೆನ್ನಿಸಿದರೂ ಆ ಏರಿನ ಹುಲ್ಲುದಾರಿ ಉಳಿಯಬೇಕಾದರೆ ಬೇರೆ ದಾರಿಯಿಲ್ಲ. ತಲಕಾವೇರಿಗೆ ಎಲ್ಲರೂ ಹೋಗುತ್ತಾರೆ, ಅಲ್ಲಿನ ಅಭಯಾರಣ್ಯ ಮಾತ್ರ ಪ್ರವಾಸಿಗರಿಗೆ ಹೆಚ್ಚು ತೆರೆದುಕೊಂಡಿಲ್ಲ. 2020ರ ಆಗಸ್ಟಿನಲ್ಲಿ ಅರ್ಚಕರ ಮನೆಯನ್ನೇ ಕೊಚ್ಚಿಕೊಂಡು ಹೋದ ಭೂಕುಸಿತವನ್ನು ಕಂಡ ಮೇಲೆ, ಆ ಇಳಿಜಾರುಗಳನ್ನು ಅವುಗಳ ಪಾಡಿಗೆ ಬಿಟ್ಟಿರುವುದೇ ಸರಿ ಎನ್ನುವವರಲ್ಲಿ ನಾನೂ ಒಬ್ಬ.

ಚಿಕ್ಕ ಮಕ್ಕಳಿದ್ದರೆ ದುಬಾರೆ ಅಥವಾ ಗೋಣಿಕೊಪ್ಪ–ಹುಣಸೂರು ರಸ್ತೆಯ ಮತ್ತಿಗೋಡು ಆನೆ ಶಿಬಿರವನ್ನು ಸೇರಿಸಿಕೊಳ್ಳಬಹುದು. 2020ರಿಂದ ಸತತವಾಗಿ ಹಲವು ವರ್ಷ ಮೈಸೂರು ದಸರೆಯ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ಮನೆ ಮತ್ತಿಗೋಡು. ಇವು ಪಳಗಿದ ಆನೆಗಳು, ಇಲ್ಲಿ ನೋಡಬೇಕಾದದ್ದು ಆನೆಯನ್ನು ಮಾತ್ರವಲ್ಲ, ಅದರ ಮಾವುತನನ್ನೂ ಅವನ ಸಹಾಯಕನಾದ ಕಾವಾಡಿಗನನ್ನೂ.

ಬರುವ ಕಾಲದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಜಿಗಣೆಗಳ ಕಾಟದ ಜೊತೆಗೆ ಹೊಳೆ ತುಂಬುವ ಭಯವಿದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯದಿಂದ ಚಾರಣದ ದಾರಿಗಳನ್ನು ಮುಚ್ಚುವುದುಂಟು. ನಮ್ಮ ಮಾರ್ಗದರ್ಶಿಯನ್ನು ಬೀಳ್ಕೊಡುವಾಗ, ಇನ್ನೊಮ್ಮೆ ಬರುವುದಾದರೆ ಯಾವಾಗ ಬರಲಿ ಎಂದು ಕೇಳಿದೆ. “ಡಿಸೆಂಬರ್ ಒಳಗೆ ಬನ್ನಿ ಸಾರ್. ಜನವರಿಗೆ ರೋಬಸ್ಟಾ ಕೊಯ್ಲು ಶುರುವಾದ್ರೆ ನಾವೆಲ್ಲ ತೋಟದಲ್ಲಿ ಇರ್ತೀವಿ” ಎಂದರು.