ಬಾಗಿಲಿಗೆ ಯಾವ ತೋರಣ: ಮಾವಿನೆಲೆ, ಚೆಂಡು ಹೂವು, ಭತ್ತದ ತೆನೆ?

ಗೃಹಪ್ರವೇಶಕ್ಕೆ ಯಾವ ತೋರಣ ಕಟ್ಟಲಿ ಅಂತ ಕೇಳಿದ್ದೀರಿ. ಒಂದು ದಿನಕ್ಕೆ ಸಾಕಾ, ವರ್ಷವಿಡೀ ಇರಬೇಕಾ? ಮೊದಲು ಅದನ್ನು ಯೋಚಿಸಿ.

ಪಕ್ಕದವರ ಮಾವಿನ ಮರವಿದ್ದರೆ ಎಲೆಗೆ ದುಡ್ಡೇ ಬೇಡ. ಚೆಂಡು ಹೂವಿನ ದರ ಆಯುಧಪೂಜೆ ಹೊತ್ತಿಗೆ ಏರುತ್ತದೆ. ತೆನೆಗೆ ಗದ್ದೆ ಇರುವವರ ಪರಿಚಯ ಬೇಕು.

ಹೂವು ಎರಡನೇ ದಿನಕ್ಕೇ ಬಾಡುತ್ತದೆ. ಮಾವಿನೆಲೆ ಮೂರ್ನಾಲ್ಕು ದಿನಕ್ಕೆ ಅಂಚು ಸುರುಟಿ ಕಂದಾಗುತ್ತದೆ, ಆದರೂ ಉದುರದೆ ನಿಲ್ಲುತ್ತದೆ. ತೆನೆ ಒಣಗಿದಷ್ಟೂ ಹೊನ್ನಿನ ಬಣ್ಣ. ನಮ್ಮ ಮನೆಯದು ಒಂದು ವರ್ಷ ಇತ್ತು. ಕಾಳು ಪೂರ್ತಿ ಬಲಿತರೆ ಉದುರುತ್ತದೆ, ಇನ್ನೂ ತುಸು ಹಸಿರಿರುವಾಗಲೇ ಕೊಯ್ಯಿಸಿ. ಹೊರಗೆ ಕಟ್ಟಿದರೆ ಗುಬ್ಬಿಗಳು ಒಂದೊಂದೇ ಕಾಳು ಬಿಡಿಸಿ ತಿನ್ನುತ್ತವೆ. ನನಗಂತೂ ಅದು ಖುಷಿಯೇ.

ಎಲೆಯನ್ನು ದಾರದ ಮೇಲೆ ಮಡಚಿ ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ಆಯ್ತು, ಮಕ್ಕಳೂ ಮಾಡುತ್ತಾರೆ. ಹೂವಿಗೆ ದಪ್ಪ ಸೂಜಿ ಸಾಕು. ತೆನೆ ಹೆಣೆಯಲು ಕೈ ಪಳಗಿರಬೇಕು, ಹೊತ್ತೂ ಜಾಸ್ತಿ ಬೇಕು.

ಬೆಳಿಗ್ಗೆ ಪೂಜೆ, ಹಿಂದಿನ ರಾತ್ರಿ ತಯಾರಿ ಅಂದರೆ ಎಲೆಯೇ ಸರಿ. ಫೋಟೋದಲ್ಲಿ ಬಾಗಿಲು ತುಂಬಿ ಕಾಣಬೇಕಾದರೆ ಹೂವು. ವಾರದ ಬಿಡುವಿದ್ದು, ದೇವರ ಕೋಣೆಗೆ ಬಹುಕಾಲ ಇರುವಂಥದ್ದು ಬೇಕಾದರೆ ತೆನೆ ಹೆಣೆಯಿರಿ.